ಕಚ್ಚಿದ್ದನ್ನು ಹೇಳದ ಹುಡುಗಿ

ಒಂಬತ್ತು ವರ್ಷದ ಹುಡುಗಿ ಫೋನಿನಲ್ಲಿ ಕೇಳಿದ ಒಂದು ಪ್ರಶ್ನೆಗೆ ನಾನು ಸುಳ್ಳು ಹೇಳಿದೆ. ಯೋಚನೆ ಮಾಡಿ ಹೇಳಿದ ಸುಳ್ಳಲ್ಲ, ಕೆಮ್ಮು ಬಂದ ಹಾಗೆ ಬಂದ ಸುಳ್ಳು. ನನ್ನ ಮೇಲೆ ನನಗೆ ಬಂದ ಆ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯುವ ಮೊದಲೇ ಬರೆದಿಡಬೇಕು. ಇಳಿದ ಮೇಲೆ ಬರೆದರೆ ಮತ್ತೆ ಎಲ್ಲವನ್ನೂ ಚೆಂದ ಮಾಡಿಬಿಡುತ್ತೇನೆ. ಚೆಂದ ಮಾಡುವುದು ನನಗೆ ಸಲೀಸು.

ಹುಡುಗಿ ನನ್ನ ಅಣ್ಣನ ಮಗಳು. ಅಣ್ಣ ಇರುವುದು ಅರಸೀಕೆರೆಯ ಹತ್ತಿರದ ನಮ್ಮೂರಿನಲ್ಲಿ, ತೆಂಗಿನ ತೋಟ ನೋಡಿಕೊಂಡು. ನಾನು ಹಗರೆಯಲ್ಲಿ ಮನೆ ಮಾಡಿಕೊಂಡು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಅವತ್ತು ಶನಿವಾರ. ಬೆಳಗಿನ ಶಾಲೆ ಮುಗಿಸಿ ಬಂದು ಅನ್ನಕ್ಕೆ ಇಡುತ್ತಿದ್ದಾಗ ಅತ್ತಿಗೆಯ ನಂಬರಿನಿಂದ ಫೋನು ಬಂತು. ಮಾತಾಡಿದ್ದು ಹುಡುಗಿ, ಅದೂ ಪಿಸುದನಿಯಲ್ಲಿ.

"ಅತ್ತೆ, ನಿಂಗೆ ಅದು ಕಚ್ಚಿತ್ತಲ್ಲ, ಎಷ್ಟ್ ದಿನ ನೋವಿತ್ತು?"

"ಯಾವುದು ಕಚ್ಚಿದ್ದೇ?"

"ಅದೇ ಕಣತ್ತೆ, ನಿನ್ ಪುಸ್ತಕದಲ್ಲಿ. ಪುನುಗುಬೆಕ್ಕು."

ನನಗೆ ಖುಷಿಯಾಯಿತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಆದದ್ದು ಖುಷಿಯೇ. ನಾನು ಬರೆದಿರುವುದು ಒಂದೇ ಒಂದು ಮಕ್ಕಳ ಪುಸ್ತಕ. ಅದನ್ನು ಯಾರಾದರೂ ಓದಿ ಒಂದು ಪ್ರಶ್ನೆ ಕೇಳಿದರೆ ಸಾಕು, ಹಿಗ್ಗಿಬಿಡುತ್ತೇನೆ.

"ಮೂರು ದಿನ ಇತ್ತು," ಎಂದೆ.

"ಆಮೇಲೆ?"

"ಆಮೇಲೆ ಸರಿಹೋಯ್ತು."

"ಹೂಂ," ಎಂದು ಫೋನು ಇಟ್ಟಳು.

ಕುಕ್ಕರ್ ಎರಡು ಸಲ ಕೂಗಿತು. ಮೂರನೆಯದಕ್ಕೆ ಕಾಯುತ್ತ ನಿಂತಿದ್ದಾಗ ತಲೆಗೆ ಹೊಳೆಯಿತು. ಕತೆ ಓದಿದ ಮಗು ಅದು ಆಮೇಲೆ ಎಲ್ಲಿಗೆ ಹೋಯಿತು, ಮತ್ತೆ ಬಂತಾ ಎಂದು ಕೇಳುತ್ತದೆ. ನೋವು ಎಷ್ಟು ದಿನ ಇರುತ್ತದೆ ಎಂದು ಕೇಳುವುದು ನೋವಿರುವವರು.

ತಿರುಗಿ ಫೋನು ಮಾಡಿದೆ. ಯಾರೂ ಎತ್ತಲಿಲ್ಲ. ಅಣ್ಣನ ನಂಬರು ಬೆರಳ ತುದಿಯಲ್ಲೇ ಇತ್ತು. ಒತ್ತಲಿಲ್ಲ. ಸೀರೆ ಬದಲಿಸದೆ, ಉಣ್ಣದೆ, ಹಳೇಬೀಡಿನ ಬಸ್ಸು ಹತ್ತಿದೆ.

ನನ್ನನ್ನು ಯಾವ ಪ್ರಾಣಿಯೂ ಯಾವತ್ತೂ ಕಚ್ಚಿಲ್ಲ.

ಪುಸ್ತಕದಲ್ಲಿ ಇರುವುದು ಹೀಗೆ: ಒಬ್ಬ ಹುಡುಗಿ ಕೊಬ್ಬರಿ ಅಟ್ಟದ ಮೇಲೆ ಪುನುಗುಬೆಕ್ಕನ್ನು ಕಾಣುತ್ತಾಳೆ. ದಿನಾ ಬಾಳೆಹಣ್ಣು ಇಡುತ್ತಾಳೆ. ಒಂದು ದಿನ ಕೈ ಚಾಚುತ್ತಾಳೆ, ಅದು ಕಚ್ಚುತ್ತದೆ. ಹುಡುಗಿ ಅಳುವುದಿಲ್ಲ. ಕೈಯನ್ನು ಲಂಗದ ಮಡಿಕೆಯಲ್ಲಿ ಮುಚ್ಚಿಕೊಂಡು ಯಾರಿಗೂ ಹೇಳದೆ ಇರುತ್ತಾಳೆ, ಏಕೆಂದರೆ ಹೇಳಿದರೆ ದೊಡ್ಡವರು ಅದನ್ನು ಹಿಡಿಯುತ್ತಾರೆ. ಮಾರನೆಯ ದಿನ ಬೆಕ್ಕು ತಾನೇ ಬಂದು ಅವಳ ಗಾಯ ನೆಕ್ಕುತ್ತದೆ. ಅಲ್ಲಿಂದ ಗೆಳೆತನ. ಕೊನೆಗೊಂದು ದಿನ ತಾತ ಅದನ್ನು ಬೋನಿಗೆ ಹಾಕಿದಾಗ ಹುಡುಗಿ ಬಾಗಿಲು ತೆಗೆದು ಬಿಡುತ್ತಾಳೆ. ಹೋಗುವ ಮೊದಲು ಅದು ಒಮ್ಮೆ ತಿರುಗಿ ನೋಡುತ್ತದೆ. ತಿರುಗಿ ನೋಡದೆ ಹೋದ ಪ್ರಾಣಿ ಮಕ್ಕಳ ಕತೆಗಳಲ್ಲಿ ನಾನಂತೂ ಕಂಡಿಲ್ಲ.

ಗಾಯ ನೆಕ್ಕುವುದಂತೆ! ಹುಚ್ಚುನಾಯಿ ರೋಗ ಬರುವುದೇ ಜೊಲ್ಲಿನಿಂದ ಎಂದು ಶಾಲೆಯಲ್ಲಿ ಓದಿದವಳು, ಮೈಸೂರಿನಲ್ಲಿ ಎಂ.ಎ. ಮಾಡಿದವಳು, ಮೂವತ್ತು ಮಕ್ಕಳ ಮುಂದೆ ದಿನವೂ ನಿಲ್ಲುವವಳು ಬರೆದದ್ದು ಇದು. ಪ್ರಕಾಶಕರು, "ಮಗು ಒಂದು ಸಲವಾದರೂ ಅದನ್ನ ಮುಟ್ಟಬೇಕು ಮೇಡಂ, ಮುಟ್ಟದೇ ಎಂಥ ಗೆಳೆತನ?" ಎಂದಿದ್ದರು. ಕಚ್ಚುವುದೂ ನೆಕ್ಕುವುದೂ ಅವರದೇ ಸಲಹೆ ಎಂದು ನಾನು ಬಹಳ ಕಾಲ ನಂಬಿದ್ದೆ. ಆಮೇಲೆ ಹಸ್ತಪ್ರತಿ ತೆಗೆದು ನೋಡಿದೆ. ಆ ಪುಟ ಇದ್ದದ್ದು ನನ್ನ ಅಕ್ಷರದಲ್ಲಿ. ಮೊದಲ ಕರಡಿನಲ್ಲೇ ಇತ್ತು, ಒಂದು ಅಕ್ಷರವನ್ನೂ ಹೊಡೆದುಹಾಕದೆ.

ಹಳೇಬೀಡಿನಲ್ಲಿ ಜಾವಗಲ್ಲು ಕಡೆಯ ಬಸ್ಸಿಗೆ ಮುಕ್ಕಾಲು ಗಂಟೆ ಕಾಯಬೇಕಾಯಿತು. ದೇವಸ್ಥಾನ ನೋಡಲು ಬಂದ ಯಾವುದೋ ಶಾಲೆಯ ಮಕ್ಕಳು ಸಾಲಾಗಿ ನಿಂತು ಐಸ್‌ಕ್ಯಾಂಡಿ ಚೀಪುತ್ತಿದ್ದರು. ಅವರೆಲ್ಲರ ಕೈಗಳನ್ನೇ ನೋಡುತ್ತ ನಿಂತೆ. ಆಗಲೂ ಅಣ್ಣನಿಗೆ ಫೋನು ಮಾಡಬಹುದಿತ್ತು. "ಅವಳ ಕೈ ನೋಡು, ಆಸ್ಪತ್ರೆಗೆ ಕರ್ಕೊಂಡ್ ಹೋಗು." ಅಷ್ಟೇ ಮಾತು. ಮಾಡಲಿಲ್ಲ. ಮೊದಲು ನಾನೇ ನೋಡುತ್ತೇನೆ, ಇಲ್ಲದ್ದನ್ನು ಹೇಳಿ ಗಲಾಟೆ ಮಾಡಿಸುವುದು ಬೇಡ ಎಂದು ನನಗೆ ನಾನೇ ಹೇಳಿಕೊಂಡೆ. ನಿಜವಾದ ಕಾರಣ ಬೇರೆ. ಹಿಂದೆ ಒಂದು ಸಲ ನಾನು ಹೇಳಿದ್ದೆ.

ನಮ್ಮ ಕಡೆಯ ಮನೆಗಳಲ್ಲಿ ಅಟ್ಟ ಇರುವುದು ಕೊಬ್ಬರಿಗೆ. ಮರದಿಂದ ಇಳಿಸಿದ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ, ಹತ್ತು ಹನ್ನೊಂದು ತಿಂಗಳು ಮುಟ್ಟದೆ ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಿ, ಅಲುಗಿಸಿದರೆ ಕೊಬ್ಬರಿ ಉಂಡೆ ಗುಡುಗುಡು ಎನ್ನುವವರೆಗೆ ಅಲ್ಲಿಗೆ ಯಾರೂ ಹೋಗುವುದಿಲ್ಲ. ವರ್ಷಪೂರ್ತಿ ಯಾರೂ ಹತ್ತದ, ಬೆಚ್ಚಗಿನ, ಕತ್ತಲ ಜಾಗ. ಪುನುಗುಬೆಕ್ಕಿಗೆ ಇದಕ್ಕಿಂತ ಇನ್ನೇನು ಬೇಕು?

ನನಗೆ ಎಂಟೋ ಒಂಬತ್ತೋ ವರ್ಷ. ಏಣಿಯ ಹತ್ತಿರ ಗಂಧಸಾಲೆ ಅಕ್ಕಿ ಬೇಯುವಂಥ ವಾಸನೆ ಬರುತ್ತಿತ್ತು. ಒಲೆ ಇರುವುದು ಆ ಕಡೆ, ವಾಸನೆ ಈ ಕಡೆ. ಏಣಿಯ ಮೇಲಿನ ಮೆಟ್ಟಿಲಲ್ಲಿ ಬಾಳೆಹಣ್ಣು ಇಟ್ಟೆ. ಬೆಳಿಗ್ಗೆ ಸಿಪ್ಪೆ ಮಾತ್ರ ಇತ್ತು. ಎಷ್ಟು ದಿನ ಹೀಗೆ ನಡೆಯಿತೋ ನೆನಪಿಲ್ಲ. ಪುಸ್ತಕದಲ್ಲಿ ಇಡೀ ಒಂದು ಬೇಸಿಗೆ. ನಿಜದಲ್ಲಿ ಒಂದು ವಾರ ಇದ್ದರೆ ಹೆಚ್ಚು. ಒಂದು ಸಂಜೆ ಉದ್ದನೆಯ ಕಪ್ಪು ಬಾಲವೊಂದು ತೊಲೆಯ ಹಿಂದೆ ಸರಿದದ್ದನ್ನು ಕಂಡೆ. ನನ್ನ ಗೆಳೆತನವೆಲ್ಲ ಇಷ್ಟೇ: ಸಿಪ್ಪೆ, ವಾಸನೆ, ಬಾಲ.

ಬಾಲ ಕಂಡ ಮಾರನೆಯ ದಿನ ತಾತನಿಗೆ ಹೇಳಿದೆ. ಜಂಬಕ್ಕೆ ಹೇಳಿದೆ.

ತಾತ ಶ್ರಾವಣದ ಶನಿವಾರಗಳಲ್ಲಿ ಮಾಲೇಕಲ್ಲು ಬೆಟ್ಟ ಹತ್ತದೆ ಊಟ ಮಾಡುತ್ತಿರಲಿಲ್ಲ. ಬೆಟ್ಟದ ವೆಂಕಟರಮಣನಿಗೆ ಆ ಬೆಕ್ಕಿನ ಮೈಯಲ್ಲಿ ಒಸರುವ ಸುಗಂಧ, ಪುನುಗು, ಎಂದರೆ ಪ್ರೀತಿ ಎಂದು ಎಲ್ಲೋ ಕೇಳಿದ್ದರು. ನಾನು ಹೇಳಿದ ಕೂಡಲೇ ತಾತ ಕೈ ಮುಗಿದರು. ಸ್ವಾಮಿಯ ಬೆಕ್ಕು ಕೇಳದೆ ನಮ್ಮ ಮನೆಗೆ ಬಂದಿದೆ, ಅದರ ಪುನುಗನ್ನು ಬೆಟ್ಟಕ್ಕೆ ಒಪ್ಪಿಸಬೇಕು ಎಂದು ಹರಕೆ ಹೊತ್ತರು. ಬೆಟ್ಟದಲ್ಲಿ ಯಾರೂ ಕೇಳಿರಲಿಲ್ಲ, ಯಾರಿಗೂ ಬೇಕಿರಲಿಲ್ಲ. ಮರಗೆಲಸದ ಆಚಾರಿಯನ್ನು ಕರೆಸಿ ಬೋನು ಮಾಡಿಸಿದರು. ನಡುವೆ ಒಂದು ಮರದ ಕಂಬ ನೆಟ್ಟರು. ಬೆಕ್ಕು ಮೈ ಉಜ್ಜಿದಾಗ ಪುನುಗು ಆ ಕಂಬಕ್ಕೆ ಹತ್ತುತ್ತದೆ, ಅದನ್ನು ಕೆರೆದು ತೆಗೆಯಬೇಕು ಎಂಬುದು ಅವರಿಗೆ ಯಾರೋ ಹೇಳಿದ ಕ್ರಮ. ಬಾಳೆಹಣ್ಣು ಇಟ್ಟು ಹಿಡಿದರು. ಬಾಳೆಹಣ್ಣಿನ ಉಪಾಯ ಹೇಳಿಕೊಟ್ಟವಳು ನಾನೇ.

ಬೋನಿನ ಮುಂದೆ ಊದುಬತ್ತಿ ಹಚ್ಚುತ್ತಿದ್ದರು. ಕೈ ತೊಳೆಯದೆ ಯಾರೂ ಹತ್ತಿರ ಹೋಗುವಂತಿರಲಿಲ್ಲ. ಹಾಲು, ಹಣ್ಣು, ಬೆಲ್ಲ. ತಾತ ದಿನಾ ಬೆಳಿಗ್ಗೆ ಸ್ನಾನ ಮಾಡಿ ಬಂದು, ಕಂಬದ ಮೇಲೆ ಬೆರಳಾಡಿಸಿ ಮೂಸಿ ನೋಡುತ್ತಿದ್ದರು. ಏನೂ ಇರುತ್ತಿರಲಿಲ್ಲ. "ಸ್ವಾಮಿ ಮನಸ್ಸು ಮಾಡ್ಬೇಕು ಕಣವ್ವ," ಎನ್ನುತ್ತಿದ್ದರು. ಬಹಳ ವರ್ಷಗಳ ಮೇಲೆ ಒಂದು ಪುಸ್ತಕದಲ್ಲಿ ಓದಿದೆ: ಪುನುಗು ಕೊಡುವುದು ನೆಲದ ಮೇಲೆ ಓಡಾಡುವ, ಬಾಲಕ್ಕೆ ಬಳೆಯಂಥ ಪಟ್ಟೆ ಇರುವ ಬೇರೆ ಜಾತಿ. ಅಟ್ಟಕ್ಕೆ ಬಂದು ಹಣ್ಣು ತಿನ್ನುವುದು ಇನ್ನೊಂದು. ನಾನು ಕಂಡ ಬಾಲದಲ್ಲಿ ಪಟ್ಟೆ ಇತ್ತೇ? ಕಪ್ಪಗಿತ್ತು ಎಂದೇ ನೆನಪು. ಆದರೆ ಓದಿದ ಮೇಲೆ ಉಳಿದ ನೆನಪನ್ನು ನಾನು ನಂಬುವುದಿಲ್ಲ.

ಆ ಮನೆಯಲ್ಲಿ ಯಾರೂ ಕ್ರೂರಿಗಳಿರಲಿಲ್ಲ. ನನ್ನನ್ನು ಇವತ್ತಿಗೂ ಉರಿಸುವುದು ಅದೇ. ಒಬ್ಬರಾದರೂ ಕೋಲು ಹಿಡಿದು ಹೊಡೆದಿದ್ದರೆ ಅವರ ಮೇಲೆ ಸಿಟ್ಟು ಮಾಡಬಹುದಿತ್ತು. ಎಲ್ಲರೂ ಕೈ ಮುಗಿದರು.

ಕಡೆಗೆ ನನ್ನ ನೆನಪಿನಲ್ಲಿ ಇರುವುದು ಒಂದೇ ಚಿತ್ರ. ಬೆಳಗಿನ ಹೊತ್ತು. ಬೋನಿನ ಬಾಗಿಲು ತೆರೆದಿದೆ, ಒಳಗೆ ಬೆಕ್ಕಿಲ್ಲ. ಕಂಬ ಮಾತ್ರ ಇದೆ. ಬಾಗಿಲು ತೆಗೆದವರು ಯಾರು? ನಾನೇ ಎಂದು ದೊಡ್ಡವಳಾದ ಮೇಲೆ ಯಾವಾಗಲೋ ನಂಬತೊಡಗಿದೆ. ನಂಬಿದ್ದನ್ನು ಬರೆದೆ. ಬರೆದ ಮೇಲೆ ಅದು ನೆನಪೇ ಆಯಿತು.

ಆದರೆ ಒಂದು ವಿಷಯ ಮಾತ್ರ ಗೊತ್ತಿದ್ದೇ ಬದಲಿಸಿದ್ದೆ. ನಾನು ತಾತನಿಗೆ ಹೇಳಿದ್ದೆ. ಪುಸ್ತಕದ ಹುಡುಗಿ ಹೇಳುವುದಿಲ್ಲ. ನನ್ನ ತಪ್ಪನ್ನು ಅವಳ ಕೈಯಲ್ಲಿ ತಿದ್ದಿಸಿದೆ. ಅವಳನ್ನು ಎಷ್ಟು ಒಳ್ಳೆಯವಳನ್ನಾಗಿ ಮಾಡಿದೆನೆಂದರೆ ಕಚ್ಚಿಸಿಕೊಂಡರೂ ಬಾಯಿ ಬಿಡದಷ್ಟು. ಈಗ ಯಾವಳೋ ಕಾಗದದ ಹುಡುಗಿಯಲ್ಲ, ನನ್ನ ಅಣ್ಣನ ಮಗಳು ಬಾಯಿ ಬಿಡದೆ ಕೂತಿದ್ದಳು.

ಊರು ಮುಟ್ಟುವಾಗ ಬಿಸಿಲು ಓರೆಯಾಗಿತ್ತು. ಅಣ್ಣ ತೋಟದಲ್ಲಿದ್ದ. ಅತ್ತಿಗೆ ಹಿತ್ತಲಲ್ಲಿ ಕೋಳಿಗಳಿಗೆ ರಾಗಿ ಎರಚುತ್ತಿದ್ದರು. ಹುಡುಗಿ ಜಗಲಿಯಲ್ಲಿ ಕೂತು ಬರೆಯುತ್ತಿದ್ದಳು, ಎಡಗೈಯಲ್ಲಿ. ಅವಳು ಎಡಚಿಯಲ್ಲ.

"ಬಲಗೈ ತೋರ್ಸು."

"ಏನಿಲ್ಲ ಅತ್ತೆ, ಕಾಯಿ ಸಿಪ್ಪೆ ತರಚಿದ್ದು."

"ತೋರ್ಸೇ."

ಹೆಬ್ಬೆರಳ ಬುಡದಲ್ಲಿ ನಾಲ್ಕು ಚುಕ್ಕಿ. ಅರಿಶಿನ ಮೆತ್ತಿದ್ದಳು. ಸುತ್ತ ಕೆಂಪಗೆ ಊದಿತ್ತು.

"ಯಾವತ್ತು?"

ಅವಳು ಹಿತ್ತಲ ಕಡೆ ನೋಡಿ, ದನಿ ತಗ್ಗಿಸಿ ಹೇಳಿದಳು. "ಹೋದ ಭಾನುವಾರ. ಅಟ್ಟದಲ್ಲಿ ಅದ್ಕೆ ಮರಿ ಐತೆ ಅತ್ತೆ, ಮೂರು. ನಾನು ಮರೀನ ಮುಟ್ಟಕ್ಕೆ ಹೋಗ್ಲಿಲ್ಲ, ಹಣ್ಣು ಇಡಕ್ಕೆ ಹೋದೆ ಅಷ್ಟೆ. ಆಮೇಲೆ ದಿನಾ ಕಾಯ್ತಾ ಇದೀನಿ. ಅದು ನೆಕ್ಕಕ್ಕೆ ಬರ್ಲೇ ಇಲ್ಲ. ನಿಂಗೆ ಮಾರ್ನೇ ದಿನಾನೇ ಬಂತಲ್ಲ?"

ಆರು ದಿನ. ಆರು ದಿನ ಈ ಮಗು ಕೈ ಚಾಚಿ ಕೂತಿದೆ, ನಾನು ಬರೆದ ಒಂದು ಪುಟ ನಿಜವಾಗಲಿ ಎಂದು. ಆ ಹೊತ್ತಿಗೆ ನನ್ನ ಕೈಗೆ ಆ ಪುಸ್ತಕ ಸಿಕ್ಕಿದ್ದರೆ ಒಲೆಗೆ ಹಾಕುತ್ತಿದ್ದೆ.

"ನಂಗೆ ಯಾವತ್ತೂ ಕಚ್ಚಿಲ್ಲ ಕಣೇ," ಎಂದೆ. "ಸುಳ್ಳು ಬರ್ದೆ. ಮಧ್ಯಾಹ್ನ ಫೋನಲ್ಲಿ ಹೇಳಿದ್ದೂ ಸುಳ್ಳು. ಏಳು, ಆಸ್ಪತ್ರೆಗೆ ಹೋಗ್ಬೇಕು."

"ಅಪ್ಪಂಗೆ ಹೇಳ್ತೀಯಾ?"

"ಹೇಳ್ತೀನಿ."

"ಹೇಳ್ಬೇಡ ಅತ್ತೆ. ಹಿಡ್ದುಬಿಡ್ತಾರೆ. ನಿನ್ ಪುಸ್ತಕದಲ್ಲೇ ಐತಲ್ಲ!"

ನಾನು ಅವಳ ಮುಂದೆಯೇ ಅಣ್ಣನಿಗೆ ಫೋನು ಮಾಡಿ ಹೇಳಿದೆ. ಅವಳು ನನ್ನನ್ನು ನೋಡಿದ ನೋಟವನ್ನು ವರ್ಣಿಸಲು ಹೋಗುವುದಿಲ್ಲ.

ಅರಸೀಕೆರೆಯ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಗಾಯವನ್ನು ಸೋಪು ಹಾಕಿ ಬಹಳ ಹೊತ್ತು ತೊಳೆಸಿದರು. "ಕಾಡುಪ್ರಾಣಿ ಕಚ್ಚಿ ಆರು ದಿನ ಆಗಿದೆ, ಈಗ ಬಂದಿದೀರಲ್ರೀ! ಮನೇಲಿ ಯಾರೂ ಮಗು ಕೈ ನೋಡಲ್ವಾ?" ಎಂದು ಅಣ್ಣನನ್ನು ಬೈದರು. ಅಣ್ಣ ತಲೆ ತಗ್ಗಿಸಿ ನಿಂತಿದ್ದ. ಬೈಗುಳ ನನಗೆ ಸೇರಬೇಕಾದದ್ದು. ನಾನು ಬಾಯಿ ಬಿಡಲಿಲ್ಲ. ತೋಳಿಗೆ ಒಂದು ಇಂಜೆಕ್ಷನ್ ಕೊಟ್ಟು, ಗಾಯದ ಸುತ್ತಲೂ ಮತ್ತೆ ಚುಚ್ಚಿದರು. ಹುಡುಗಿ ಅಳಲಿಲ್ಲ, ನನ್ನ ಕೈಯನ್ನೂ ಹಿಡಿಯಲಿಲ್ಲ. ಉಳಿದ ಡೋಸುಗಳ ತಾರೀಕು ಬರೆದ ಚೀಟಿಯನ್ನು ಅಣ್ಣ ಅಂಗಿ ಜೇಬಿಗೆ ಹಾಕಿಕೊಂಡ.

ಇಂಜೆಕ್ಷನ್ ಆದ ಮೇಲೆ ಅರ್ಧ ಗಂಟೆ ಅಲ್ಲೇ ಕೂರಿಸಿದರು. ಬೆಂಚಿನ ಮೇಲೆ ಅಣ್ಣ, ನಾನು, ನಡುವೆ ಹುಡುಗಿ.

"ಎಂಥಾ ಕತೆ ಬರಿತೀಯ ನೀನು?" ಅಣ್ಣ ಗೋಡೆ ನೋಡಿಕೊಂಡೇ ಕೇಳಿದ. "ಬೋನು ತಗ್ದು ಬಿಟ್ಲಂತೆ! ನೀನೆಲ್ಲೇ ತಗ್ದೆ? ಅದು ಹಾಲು ಮುಟ್ದೆ, ಹಣ್ಣು ಮುಟ್ದೆ ಬೋನಲ್ಲೇ ಸತ್ತೋಯ್ತು. ತಾತ ಬಿಳೀ ಬಟ್ಟೇಲಿ ಸುತ್ತಿ ಬಾವಿ ಹತ್ರದ ತೆಂಗಿನಮರದ ಬುಡದಲ್ಲಿ ಹೂತ್ರು. ಗುಂಡಿ ತೆಗ್ದವ್ನು ನಾನು. ನೀನು ಹೆದ್ರಿಕೊಂಡು ಅವ್ವನ ಸೆರಗಿಂದ ಈಚೆಗೇ ಬರ್ಲಿಲ್ಲ."

"ಇಷ್ಟು ವರ್ಷ ಯಾಕ್ ಹೇಳ್ಲಿಲ್ಲ?"

"ನೀನ್ ಕೇಳಿದ್ಯಾ?"

ಕೇಳಿರಲಿಲ್ಲ. ತೆರೆದ ಬಾಗಿಲು, ಖಾಲಿ ಬೋನು. ಹೆಣ ತೆಗೆದ ಮೇಲೂ ಬೋನು ಹಾಗೆಯೇ ಕಾಣುತ್ತದಲ್ಲ. ಅಣ್ಣನ ನೆನಪೂ ತಪ್ಪಿರಬಹುದು. ಅವನಿಗೂ ಆಗ ಹನ್ನೆರಡು ದಾಟಿರಲಿಲ್ಲ. ಆದರೆ ಅವನ ನೆನಪಿನಲ್ಲಿ ಗುಂಡಿ ಇದೆ, ಬಟ್ಟೆ ಇದೆ, ಮರ ಯಾವುದೆಂದು ಇದೆ. ನನ್ನದರಲ್ಲಿ ಇರುವುದು ನಾನು ಮಾತ್ರ.

"ಹಂಗಾರೆ ಅದು ಸತ್ತೋಯ್ತಾ?" ನಡುವಿನಿಂದ ಹುಡುಗಿ ಕೇಳಿದಳು.

ಮೆತ್ತಗಿನ ಉತ್ತರಗಳು ನಾಲಿಗೆ ತುದಿಯಲ್ಲಿ ಸಾಲುಗಟ್ಟಿದ್ದವು. "ಸತ್ತಿರ್ಬೇಕು ಕಣೇ," ಎಂದೆ. "ನಾನು ಹೇಳಿದ್ದಕ್ಕೇ ಹಿಡಿದ್ರು, ಹಿಡಿದಿದ್ದಕ್ಕೇ ಸತ್ತೋಯ್ತು."

"ಇವತ್ತೂ ಹೇಳ್ದೆ," ಎಂದಳು ಅವಳು.

ಮಾರನೆಯ ಬೆಳಿಗ್ಗೆ ಅವಳು ಹೇಳಿದಂತೆಯೇ ಆಯಿತು. ಅಣ್ಣ ಕಾಫಿ ಕುಡಿದು ಲೋಟ ಕೆಳಗಿಟ್ಟು, "ಇವತ್ತು ಅದುನ್ನ ಹಿಡಿಯೋದೇ," ಎಂದ.

"ಹಿಡಿದು?"

"ದೂರ ಎಲ್ಲಾದ್ರೂ ಬಿಟ್ಟು ಬತ್ತೀನಿ. ಓಡ್ಸಕ್ಕೆ ಹೊಗೆ ಹಾಕಿದ್ರೆ ಕೊಬ್ಬರಿ ಬಣ್ಣ ಕೆಡ್ತದೆ. ಇಳ್ಸಣ ಅಂದ್ರೆ ಇನ್ನೂ ಎರಡು ತಿಂಗಳು ಒಣಗ್ಬೇಕು. ತಾತನ ಬೋನು ಐತಲ್ಲ." ಮಗಳ ಕಡೆ ತಿರುಗಿದ. "ಯಾವ್ ಮೂಲೇಲೈತೆ ಅದು?"

"ಗೊತ್ತಿಲ್ಲ. ಕಚ್ಚಿ ಓಡೋಯ್ತು."

"ಮರಿಗಿರಿ ಹಾಕೈತಾ?"

ಹುಡುಗಿ ತಂದೆಯನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ಅಣ್ಣನೂ ನನ್ನ ಕಡೆ ತಿರುಗಿದ. "ನಿಂಗೇನಾರ ಹೇಳಿದ್ಳಾ?"

"ಇಲ್ಲ," ಎಂದೆ.

ಇದು ಕೆಮ್ಮಿನ ಹಾಗೆ ಬಂದ ಸುಳ್ಳಲ್ಲ. ಸರಿಯೋ ತಪ್ಪೋ, ತಿಳಿದೇ ಹೇಳಿದೆ. ತಾಯಿಯನ್ನು ಬೋನಿನಲ್ಲಿ ಒಯ್ದರೆ ಮೂರು ಮರಿ ಅಟ್ಟದಲ್ಲಿ ಕೂಗಿ ಕೂಗಿ ಸಾಯುತ್ತವೆ, ಕೆಳಗೆ ಈ ಹುಡುಗಿ ಅದನ್ನು ಕೇಳಿಸಿಕೊಂಡು ಮಲಗಬೇಕು. ಅಣ್ಣ ಎದ್ದು ಹಿತ್ತಲಿಗೆ ಹೋದ. ನಾನು ಹಿಂದೆಯೇ ಹೋದೆ.

ತಾತನ ಬೋನಿನಲ್ಲಿ ಈಗ ಅತ್ತಿಗೆ ಕೋಳಿ ಕೂಡುತ್ತಾರೆ. ನಡುವಿನ ಕಂಬ ಹಾಗೆಯೇ ಇತ್ತು, ಅದರ ಮೇಲೆ ಕೋಳಿ ಹಿಕ್ಕೆ. ಆ ಕಂಬ ಕಂಡದ್ದೇ ನನಗೆ ಏನಾಯಿತೋ. ಗೋಡೆಗೆ ಒರಗಿಸಿದ್ದ ಕಾಯಿ ಸುಲಿಯುವ ಹಾರೆ ತೆಗೆದುಕೊಂಡು ಬಾಗಿಲ ಸಂದಿಗೆ ತೂರಿಸಿ ಮೀಟಿದೆ. ತುಕ್ಕು ಹಿಡಿದ ಕೀಲು ಕಿತ್ತು ಬಂತು. ಕೋಳಿಗಳು ಕಿರುಚಿಕೊಂಡು ನನ್ನ ಕಾಲ ಸಂದಿಯಿಂದ ಹಾರಿದವು.

"ನನ್ ಕೋಳಿ! ಅಯ್ಯೋ ನನ್ ಕೋಳಿ ಕಣ್ರೀ! ಹಿಡೀರೀ ನಿಮ್ ತಂಗೀನ!" ಅತ್ತಿಗೆ ಓಡಿ ಬಂದರು.

ನಾನು ಬಾಗಿಲನ್ನು ಬಾವಿಯ ಕಡೆ ಎಸೆದೆ. ಕಂಬವನ್ನೂ ಅಲುಗಿಸಿ ಕಿತ್ತೆ. ಅಣ್ಣ ಸೊಂಟದ ಮೇಲೆ ಕೈ ಇಟ್ಟು ನೋಡುತ್ತ ನಿಂತಿದ್ದ.

"ಮುಗೀತಾ ಮೇಡಂ?" ಎಂದ. "ಪುಸ್ತಕದಲ್ಲಿ ಇಷ್ಟ್ ಸದ್ದು ಇರ್ಲಿಲ್ಲ."

ನನ್ನ ಆಯುಷ್ಯದಲ್ಲಿ ನಾನು ಖಂಡಿತವಾಗಿ ತೆರೆದ ಬೋನು ಇದೊಂದೇ. ಅದರಲ್ಲಿದ್ದದ್ದು ನಾಲ್ಕು ಕೋಳಿ. ಒಂದೂ ತಿರುಗಿ ನೋಡಲಿಲ್ಲ.

ಅಣ್ಣ ಹೊಸ ಬೋನು ತರಲಿಲ್ಲ. ಏಣಿಯನ್ನು ತೆಗೆದು ತೋಟದ ಮನೆಗೆ ಸಾಗಿಸಿದ. "ಕಾಯಿ ಇಳ್ಸೋ ತನಕ ಯಾರೂ ಅಟ್ಟ ಹತ್ತಂಗಿಲ್ಲ. ಇಲಿನಾರ ತಿನ್ಲಿ ಅದು," ಎಂದ. ಅವನಿಗೆ ಮರಿಗಳ ವಿಷಯ ಗೊತ್ತಾಗಿತ್ತು ಎಂದು ಈಗ ಅನ್ನಿಸುತ್ತದೆ. ಹೀಗೆ ಅನ್ನಿಸುವುದೂ ನಾನು ಅಣ್ಣನನ್ನು ಚೆಂದ ಮಾಡುತ್ತಿರುವುದೇ ಇರಬಹುದು.

ಇಂಜೆಕ್ಷನ್‌ಗಳೆಲ್ಲ ಮುಗಿದವು. ಹುಡುಗಿ ಚೆನ್ನಾಗಿದ್ದಾಳೆ. ನಾನು ಪ್ರಕಾಶಕರಿಗೆ ಕಾಗದ ಬರೆದು, ಮತ್ತೆ ಅಚ್ಚು ಹಾಕುವುದಾದರೆ ಗಾಯ ನೆಕ್ಕುವ ಪುಟ ತೆಗೆಯಬೇಕು, ಕಚ್ಚಿದ ಕೂಡಲೇ ಹುಡುಗಿ ಓಡಿ ಹೋಗಿ ಅವ್ವನಿಗೆ ಹೇಳಬೇಕು ಎಂದೆ. ಅವರು ಫೋನು ಮಾಡಿ ನಕ್ಕರು. "ಹೇಳಿದ್ರೆ ಕತೆ ಎಲ್ಲಿ ಮೇಡಂ? ಆ ಗುಟ್ಟೇ ಅಲ್ವಾ ಪುಸ್ತಕದ ಜೀವ?" ನಾನು ನಗಲಿಲ್ಲ. ಹಾಗಾದರೆ ಅಚ್ಚು ಹಾಕುವುದೇ ಬೇಡ ಎಂದೆ. ನಮ್ಮ ಶಾಲೆಯ ಕಪಾಟಿನಲ್ಲಿದ್ದ ಎರಡು ಪ್ರತಿಗಳನ್ನು ಮನೆಗೆ ತಂದಿಟ್ಟುಕೊಂಡಿದ್ದೇನೆ. ಹೊರಗೆ ಎಷ್ಟು ಪ್ರತಿ ಇವೆಯೋ, ಯಾವ ಮನೆಯ ಯಾವ ಮಗು ಕೈಯನ್ನು ಲಂಗದಲ್ಲಿ ಮುಚ್ಚಿಕೊಂಡು ಕೂತಿದೆಯೋ, ಯಾರಿಗೆ ಗೊತ್ತು.

ಹೋದ ವಾರ ಅಟ್ಟದಿಂದ ಕಾಯಿ ಇಳಿಸಿದರು. ಸಂಜೆ ಅತ್ತಿಗೆಯ ನಂಬರಿನಿಂದ ಫೋನು ಬಂತು. ಎರಡು ತಿಂಗಳಲ್ಲಿ ಅವಳು ತಾನಾಗಿ ಮಾತಾಡಿದ್ದು ಅದೇ ಮೊದಲು.

"ಅತ್ತೆ, ಎಲ್ಲಾ ಹೋಗವೆ. ಒಂದೂ ಇಲ್ಲ. ಬೀಜ ಬೀಜ ಇರೋ ಹಿಕ್ಕೆ ಮಾತ್ರ ಐತೆ."

"ನೋಡೋಕೆ ಏಣಿ ಹತ್ತಿದ್ಯಾ?"

"ಅಪ್ಪನ ಜೊತೆಗೆ. ನಿನ್ ಮೇಲೆ ನಂಗಿನ್ನೂ ಸಿಟ್ಟೈತೆ."

"ಇರ್ಲಿ."

"ಈಗ ಬೇಕಾರೆ ಬರ್ಕೋ. ಆದ್ರೆ ನಾನ್ ಅದುನ್ನ ಮುಟ್ಟಿದೆ ಅಂತ ಬರೀಬೇಡ. ನಾನ್ ಮುಟ್ಟೇ ಇಲ್ಲ. ಅದು ನನ್ ಮುಟ್ತು ಅಷ್ಟೆ, ಹಲ್ಲಲ್ಲಿ."